ಇಟಲಿಯವನಿಗೆ ಸಿಕ್ಕ ದಾರಿ ಭದ್ರಾವತಿಯವರಿಗೆ ಸಿಗಬೇಡವೇ?

ಭದ್ರಾವತಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಬೆವರು ಸುರಿಸಿ ನಿವೃತ್ತರಾದ ಹಿರಿಯರೊಬ್ಬರು ಇತ್ತೀಚೆಗೆ ಹೆಂಡತಿಯನ್ನೂ ಏಳನೇ ಕ್ಲಾಸಿನ ಮೊಮ್ಮಗನನ್ನೂ ಕರೆದುಕೊಂಡು ನಾಲ್ಕು ದಿನದ ಪ್ರವಾಸ ಹೊರಟರು. ಬಾಡಿಗೆ ಕಾರಿಲ್ಲ, ಗೈಡ್ ಇಲ್ಲ, ಪ್ಯಾಕೇಜೂ ಇಲ್ಲ. ಎರಡು ಬ್ಯಾಗು, ಒಂದು ಡಬ್ಬಿ ಚಕ್ಕುಲಿ, ಮೊಮ್ಮಗನ ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಬರೆದುಕೊಂಡ ಊರುಗಳ ಪಟ್ಟಿ. ಇಷ್ಟೇ ಬಂಡವಾಳ.

ಪಟ್ಟಿಯಲ್ಲಿದ್ದ ಊರುಗಳು: ಕೆಳದಿ, ಇಕ್ಕೇರಿ, ನಗರ, ಬಸರೂರು, ಭಟ್ಕಳ, ಮುರ್ಡೇಶ್ವರ, ಮಿರ್ಜಾನ್, ಗೇರುಸೊಪ್ಪ. ಘಟ್ಟದ ಮೇಲಿನ ಹಳೇ ರಾಜಧಾನಿಗಳು, ಘಟ್ಟದ ಕೆಳಗಿನ ಹಳೇ ಬಂದರುಗಳು. ಇವು ಯಾಕೆ ಎಂದರೆ, ಹುಡುಗ ಒಂದು ದಿನ ಪಾಠ ಓದುತ್ತಾ, "ಶಿವಪ್ಪ ನಾಯಕ ಅಂದ್ರೆ ಶಿವಮೊಗ್ಗದ ಸರ್ಕಲ್ಲಿನ ಹೆಸರಲ್ವಾ ಅಜ್ಜ?" ಅಂದನಂತೆ. ಅಜ್ಜನಿಗೆ ನಾಚಿಕೆ ಆಯಿತು. ಯಾಕೆಂದರೆ ಅವರಿಗೂ ಸರ್ಕಲ್ಲಿಗಿಂತ ಹೆಚ್ಚು ಗೊತ್ತಿರಲಿಲ್ಲ!

ಈ ನಾಚಿಕೆ ಒಬ್ಬ ಅಜ್ಜನದಲ್ಲ, ಇಡೀ ಜಿಲ್ಲೆಯದು. ಮನೆಗೆ ನೆಂಟರು ಬಂದರೆ ಜೋಗ ತೋರಿಸುತ್ತೇವೆ. ಜೋಗದಲ್ಲಿ ನೀರಿಲ್ಲದಿದ್ದರೆ ಆನೆ ಬಿಡಾರ ತೋರಿಸುತ್ತೇವೆ. ಅಲ್ಲಿಗೆ ನಮ್ಮ ಪ್ರವಾಸೋದ್ಯಮ ಮುಗಿಯಿತು.

1623ರ ಯಾತ್ರಿಕ

ನಾಲ್ಕು ನೂರು ವರ್ಷದ ಹಿಂದೆ ಈ ದಾರಿಯಲ್ಲಿ ಒಬ್ಬ ಬಂದಿದ್ದ. ಹೆಸರು ಪಿಯೆತ್ರೋ ದೆಲ್ಲಾ ವಲ್ಲೆ, ಊರು ರೋಮ್. 1623ರಲ್ಲಿ ಪೋರ್ಚುಗೀಸ್ ರಾಯಭಾರಿಯ ಜೊತೆ ಗೋವಾದಿಂದ ಹಡಗಿನಲ್ಲಿ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ಗೇರುಸೊಪ್ಪಕ್ಕೆ ಹೋಗಿ, ಘಟ್ಟ ಹತ್ತಿ ಇಕ್ಕೇರಿ ಸೇರಿದ. ಆಗ ಅಲ್ಲಿ ವೆಂಕಟಪ್ಪ ನಾಯಕನ ಆಳ್ವಿಕೆ. ಆಮೇಲೆ ಘಟ್ಟ ಇಳಿದು ಬಸರೂರು, ಮಂಗಳೂರು ನೋಡಿದ. ಬರಿಗಾಲಲ್ಲಿ ನಿಂತು ಕಾಲುವೆ ಕೆಲಸ ಮಾಡಿಸುತ್ತಿದ್ದ ಉಳ್ಳಾಲದ ರಾಣಿಯನ್ನು ಕಂಡು ಮಾತಾಡಿಸಿದ. ಘಟ್ಟದ ದೇವಸ್ಥಾನವೊಂದರ ಜಗಲಿಯಲ್ಲಿ ಹುಡುಗರು ಮರಳು ಹರಡಿಕೊಂಡು, ರಾಗವಾಗಿ ಹೇಳುತ್ತಾ, ಬೆರಳಲ್ಲಿ ಲೆಕ್ಕ ಬರೆದು ಕಲಿಯುತ್ತಿದ್ದುದನ್ನು ನೋಡಿ ಬೆರಗಾಗಿ ತನ್ನ ಪತ್ರದಲ್ಲಿ ಬರೆದ.

ಆ ಕಾಲಕ್ಕೆ ಟಾರು ರಸ್ತೆ ಇಲ್ಲ, ಮೊಬೈಲಿಲ್ಲ, ಭಾಷೆ ಬಾರದು. ಆದರೂ ಅವನಿಗೆ ದಾರಿ ಸಿಕ್ಕಿತು. ಅವನ ಪತ್ರಗಳು ಅಚ್ಚಾಗಿ ಇಕ್ಕೇರಿಯ ಹೆಸರು ಯುರೋಪಿನ ಓದುಗರಿಗೆ ತಲುಪಿತು. ಅದೇ ಇಕ್ಕೇರಿ ಸಾಗರದ ಬಸ್‌ಸ್ಟ್ಯಾಂಡಿನಿಂದ ಐದಾರು ಕಿಲೋಮೀಟರ್. ಜಿಲ್ಲೆಯ ಎಷ್ಟು ಜನ ಅಲ್ಲಿಗೆ ಹೋಗಿದ್ದಾರೆ? ಕೈ ಎತ್ತಲಿ!

ರಾಜನ ಬೆನ್ನ ಮೇಲೆ ಹುಡುಗ

ಮೊದಲ ದಿನ ಚೆನ್ನಾಗಿಯೇ ಆಯಿತು. ಕೆಳದಿಯ ರಾಮೇಶ್ವರ ದೇವಸ್ಥಾನದಲ್ಲಿ ಹುಡುಗ ಗಂಡಭೇರುಂಡ ನೋಡಿದ. "ಇದು ಬಸ್ಸಿನ ಮೇಲಿರೋದು!" ಎಂದು ಕುಣಿದ. ಅಲ್ಲಿಯ ಮ್ಯೂಸಿಯಮ್ಮಿನಲ್ಲಿ ಹಳೇ ಓಲೆಗರಿ ನೋಡಿದ.

ಇಕ್ಕೇರಿಯ ಅಘೋರೇಶ್ವರ ದೇವಸ್ಥಾನದ ಎದುರು ದೊಡ್ಡ ನಂದಿ. ಒಳಗೆ ಗರ್ಭಗುಡಿಯ ಎದುರಿನ ನೆಲದಲ್ಲಿ ಸಾಷ್ಟಾಂಗ ಬಿದ್ದ ಕೆಳದಿ ಅರಸರ ಉಬ್ಬುಚಿತ್ರಗಳಿವೆ. ದೇವರ ಮುಂದೆ ತಾವು ಎಷ್ಟರವರು ಎಂದು ತೋರಿಸಲು ಅರಸರು ತಮ್ಮನ್ನೇ ನೆಲಕ್ಕೆ ಹಾಸಿಕೊಂಡಿದ್ದಾರೆ. ಹುಡುಗ ಗೊತ್ತಿಲ್ಲದೆ ಅದರ ಮೇಲೇ ನಿಂತಿದ್ದ. ಊರಿನ ಹಿರಿಯರೊಬ್ಬರು ನಕ್ಕು, "ಮಗಾ, ನೀನು ನಿಂತಿರೋದು ರಾಜನ ಬೆನ್ನ ಮೇಲೆ ಕಣೋ" ಅಂದರು. ಹುಡುಗ ಬೆಚ್ಚಿ ಪಕ್ಕಕ್ಕೆ ಹಾರಿದ. ಬಗ್ಗಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಸ್ಕೂಲಿನಲ್ಲಿ ವರ್ಷವಿಡೀ ಹೇಳಿದರೂ ಹತ್ತದ ಪಾಠ ಅವನಿಗೆ ಒಂದೇ ನಿಮಿಷದಲ್ಲಿ ಹತ್ತಿತು.

ಆ ದಿನ ಆ ಹಿರಿಯರು ಅಲ್ಲಿದ್ದರು, ಹೇಳಿದರು. ಅವರಿಲ್ಲದ ದಿನ ಬಂದವರಿಗೆ ಹೇಳುವವರು ಯಾರು?

ನೀರು ಕುಡಿಯದ ಅಜ್ಜಿ

ಎರಡನೇ ದಿನದಿಂದ ಅಸಲೀ ಪ್ರವಾಸ ಶುರುವಾಯಿತು.

ಒಂದು ತಾಲ್ಲೂಕು ಬಸ್‌ಸ್ಟ್ಯಾಂಡು. ಊರಿನ ಹೆಸರು ಬೇಡ, ಒಂದೇ ಊರಿನ ಕಥೆಯಾಗಿದ್ದರೆ ಹೇಳಬಹುದಿತ್ತು. ನಗರದ ಕಡೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದರೆ, "ಬರತ್ತೆ, ಕೂತಿರಿ" ಎಂಬ ಉತ್ತರ. ಕೂತರು. ಎರಡೂವರೆ ಗಂಟೆ ಕೂತರು. ಕೊನೆಗೆ ಪಕ್ಕದ ಬೀಡಾ ಅಂಗಡಿಯವನು, "ಆ ಬಸ್ಸು ಭಾನುವಾರ ಇಲ್ಲ ಕಣ್ರೀ, ಯಾರೂ ಹೇಳ್ಲಿಲ್ವಾ?" ಅಂದ.

ಹೆಂಗಸರ ಶೌಚಾಲಯಕ್ಕೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಎಂದು ಯಾರಿಗೂ ಗೊತ್ತಿಲ್ಲ. ಅಜ್ಜಿ ಬೆಳಿಗ್ಗೆಯಿಂದ ಒಂದು ಲೋಟ ನೀರು ಕುಡಿದಿರಲಿಲ್ಲ. ಬಾಯಾರಿಕೆ ಇಲ್ಲದೆ ಅಲ್ಲ, ಕುಡಿದರೆ ಮುಂದೆ ಕಷ್ಟ ಎಂದು. ಸಂಜೆ ಹೊತ್ತಿಗೆ ತಲೆಸುತ್ತು ಬಂದು ಬೆಂಚಿನ ಮೇಲೆ ಮಲಗಿದರು.

ಇದು ಸಣ್ಣ ವಿಷಯ ಅನ್ನುವ ಗಂಡಸರು ದಯವಿಟ್ಟು ತಮ್ಮ ಮನೆಯ ಹೆಂಗಸರನ್ನು ಕೇಳಲಿ. ಪ್ರಯಾಣದ ದಿನ ನೀರು ಬಿಡುವುದು ನಮ್ಮ ಹೆಂಗಸರಿಗೆ ಅಭ್ಯಾಸವೇ ಆಗಿಹೋಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಮನೆಯಿಂದ ಹೊರಗೆ ಕಾಲಿಡದ ಹೆಂಗಸರೂ ಧರ್ಮಸ್ಥಳ, ಶೃಂಗೇರಿ ಎಂದು ಹೊರಟರು. ಒಳ್ಳೆಯದೇ ಆಯಿತು. ಸರ್ಕಾರ ಪುಕ್ಕಟೆ ಟಿಕೆಟ್ ಕೊಟ್ಟಿತು. ಆದರೆ ಇಳಿದ ಊರಿನಲ್ಲಿ ಬೀಗ ತೆಗೆಸುವುದನ್ನು ಮರೆಯಿತು! ಇನ್ನು ಮಲೆನಾಡು, ಕರಾವಳಿಯ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು. ಅಲ್ಲಿ ಆಧಾರ್ ಕಾರ್ಡ್ ತೋರಿಸಿದರೆ ಕಂಡಕ್ಟರ್ ನಗುತ್ತಾನೆ.

ಅಂತೂ ಮಾರನೇ ಬೆಳಿಗ್ಗೆ ನಗರದ ಕೋಟೆ ನೋಡಿದರು. ಇದೇ ಹಳೇ ಬಿದನೂರು. ಇಕ್ಕೇರಿಯ ನಂತರದ ರಾಜಧಾನಿ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ಊರು. 1763ರಲ್ಲಿ ಹೈದರಾಲಿ ಗೆದ್ದು ಹೈದರ್ ನಗರ ಎಂದು ಕರೆದ. ಈಗ ಬರೀ ನಗರ. ಬೆಳೆ ನೋಡಿ ಕಂದಾಯ ಹಾಕುವ 'ಶಿಸ್ತು' ತಂದವನು ಈ ಶಿವಪ್ಪ ನಾಯಕನೇ. ಊರೂರಲ್ಲಿ ಒಂದೊಂದು ಗದ್ದೆ ತಾನೇ ಸಾಗುವಳಿ ಮಾಡಿಸಿ, ಹನ್ನೆರಡು ವರ್ಷ ಲೆಕ್ಕ ಇಡಿಸಿ, ಆಮೇಲೆ ಕಂದಾಯ ಗೊತ್ತು ಮಾಡಿದ ಎಂದು ಹೇಳುತ್ತಾರೆ. ಹನ್ನೆರಡು ವರ್ಷ ಗದ್ದೆಯ ಲೆಕ್ಕ ಇಟ್ಟವನ ನಾಡಿನಲ್ಲಿ ಇವತ್ತು ಭಾನುವಾರದ ಬಸ್ಸಿನ ಲೆಕ್ಕ ಇಡುವವರಿಲ್ಲ!

"ಅಲ್ ಹೊಂಡ ಇತ್ತ್"

ಹುಲಿಕಲ್ ಘಾಟಿ ಇಳಿದು ಕುಂದಾಪುರ. ಅಲ್ಲಿಂದ ಹತ್ತಿರದಲ್ಲೇ ವಾರಾಹಿ ನದಿಯ ದಂಡೆಯ ಬಸರೂರು. ಪೋರ್ಚುಗೀಸರ ಬಾಯಲ್ಲಿ ಬಾರ್ಸೆಲೋರ್. 1665ರಲ್ಲಿ ಶಿವಾಜಿ ಹಡಗುಗಳ ದಂಡು ಕಟ್ಟಿಕೊಂಡು ಬಂದು ಲೂಟಿ ಮಾಡಬೇಕಾದರೆ ಈ ಊರು ಎಷ್ಟು ಶ್ರೀಮಂತವಾಗಿದ್ದಿರಬೇಕು! ಮಲೆನಾಡಿನ ಮೆಣಸು, ಅಕ್ಕಿ ಘಟ್ಟ ಇಳಿದು ಇಂಥ ಬಂದರುಗಳಿಂದಲೇ ಹಡಗು ಹತ್ತುತ್ತಿದ್ದವು. ಕೆಳದಿಯ ಖಜಾನೆ ತುಂಬಿದ್ದು ಹೀಗೆ. ಅಂದರೆ ಇಕ್ಕೇರಿ ನೋಡಿ ಬಸರೂರು ನೋಡದಿದ್ದರೆ ಅರ್ಧ ಕಥೆ ಓದಿದ ಹಾಗೆ. ಅಜ್ಜ ಇದನ್ನು ಮೊಮ್ಮಗನಿಗೆ ಹೇಳಿದರು. ಸರ್ಕಲ್ಲಿನ ಹೆಸರು ಹೋಗಿ ಮನುಷ್ಯ ಬಂದ.

ಭಟ್ಕಳದಲ್ಲಿ ಕೇತಪೈ ನಾರಾಯಣ ದೇವಸ್ಥಾನದ ಕಲ್ಲಿನ ಕೆತ್ತನೆ ನೋಡಿ, ಸಂಜೆ ಹೊತ್ತಿಗೆ ಒಂದು ಕಡಲ ದಂಡೆಗೆ ಬಂದರು. ಘಟ್ಟದ ಮೇಲಿನ ಹುಡುಗ. ತುಂಗೆ, ಭದ್ರೆ ನೋಡಿದ್ದಾನೆ, ಸಮುದ್ರ ನೋಡಿಲ್ಲ. ಚಡ್ಡಿ ಮೇಲೆತ್ತಿಕೊಂಡು ಓಡಿದ. ಅಜ್ಜ ಚಪ್ಪಲಿ ಕಾಯುತ್ತಾ ನಿಂತಿದ್ದರು. ಆಗ ಮೀನು ಬುಟ್ಟಿ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ಇಳಿಸಿ ಕೂಗಿದಳು: "ಹ್ವಾಯ್, ಮಗಿನ್ ಇತ್ಲಾಗೆ ಕರ್ಕಣಿ! ಅಲ್ ಹೊಂಡ ಇತ್ತ್ ಮಾರಾಯ್ರೆ!"

ಅಜ್ಜ ಓಡಿ ಹುಡುಗನ ರಟ್ಟೆ ಹಿಡಿದು ಎಳೆದುಕೊಂಡು ಬಂದರು. ಏನೂ ಆಗಲಿಲ್ಲ. ಆದರೆ ಆ ರಾತ್ರಿ ಲಾಡ್ಜಿನಲ್ಲಿ ಅಜ್ಜಿ ನಿದ್ದೆ ಮಾಡಲಿಲ್ಲ.

2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಹಾಗಾಗಲಿಲ್ಲ. ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗೆ ಸಿಕ್ಕಿ ಸತ್ತರು. ಸಮುದ್ರ ಇಲ್ಲದ ಜಿಲ್ಲೆಯಿಂದ ಸಮುದ್ರ ನೋಡುವ ಆಸೆಯಿಂದ ಬಂದ ಮಕ್ಕಳು. ಇಂಥದ್ದು ಆದ ಮೇಲೆ ದಂಡೆ ಮುಚ್ಚುತ್ತಾರೆ, ಸಭೆ ಮಾಡುತ್ತಾರೆ, ಕೆಲವರನ್ನು ಸಸ್ಪೆಂಡ್ ಮಾಡುತ್ತಾರೆ. ಮುಂಚೆಯೇ ಅಲ್ಲಿ ಒಂದು ಕೆಂಪು ಬಾವುಟ, ಒಂದು ಸೀಟಿ, ಕಡಲು ಬಲ್ಲ ಇಬ್ಬರು ಈಜುಗಾರರು ಸಾಕಷ್ಟು ಇದ್ದಾರೋ ಇಲ್ಲವೋ ಎಂದು ನೋಡುವುದು ಯಾರ ಕೆಲಸ? ಮೀನು ಮಾರುವ ಹೆಂಗಸಿನ ಕೆಲಸವೇ?

ಫೋನಿನಲ್ಲಿ ಎಲ್ಲಾ ಇದೆಯಂತೆ

"ಈಗ ಎಲ್ಲಾ ಮೊಬೈಲಿನಲ್ಲೇ ಇದೆಯಲ್ಲ, ಬೋರ್ಡು ಯಾಕೆ?" ಎಂದು ಕೇಳುವ ಬುದ್ಧಿವಂತರಿದ್ದಾರೆ. ಇರಬಹುದು. ಆದರೆ ಘಾಟಿಯೊಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಸಿಕ್ಕರೂ ಅದು ದಾರಿ ತೋರಿಸುತ್ತದೆ, ಭಾನುವಾರ ಬಸ್ಸಿಲ್ಲ ಎನ್ನುವುದಿಲ್ಲ, ಹೊಂಡ ಇದೆ ಎಂದು ಕೂಗುವುದೂ ಇಲ್ಲ.

"ಜನ ಬಂದರೆ ಪ್ಲಾಸ್ಟಿಕ್ ಎಸೆದು ಗಲೀಜು ಮಾಡುತ್ತಾರೆ" ಎನ್ನುವವರೂ ಇದ್ದಾರೆ. ಈ ಮಾತಿನಲ್ಲಿ ಸತ್ಯ ಇದೆ. ಕಾರಿನಲ್ಲಿ ಬಂದು, ಕೋಟೆಯ ಮೇಲೆ ನಿಂತು ರೀಲ್ಸ್ ಮಾಡಿ, ಬಾಟಲಿ ಎಸೆದು ಹೋಗುವವರು ಕಮ್ಮಿಯೇನಿಲ್ಲ. ಆದರೆ ಬಸ್ಸಿನಲ್ಲಿ ಬರುವವನು ಬೇರೆ. ಅವನು ಊರಿನ ಹೋಟೆಲಿನಲ್ಲಿ ಉಣ್ಣುತ್ತಾನೆ, ಊರಿನ ಲಾಡ್ಜಿನಲ್ಲಿ ಮಲಗುತ್ತಾನೆ, ಊರಿನವರನ್ನು ದಾರಿ ಕೇಳುತ್ತಾನೆ. ನಾಲ್ಕು ಕಾಸು ಊರಿನಲ್ಲೇ ಉಳಿಯುತ್ತದೆ. ಅವನನ್ನು ಕಾಯಿಸಿ, ಸತಾಯಿಸಿ ಓಡಿಸಿದರೆ ಉಳಿಯುವುದು ಬಾಟಲಿಯವರೇ.

ಇನ್ನು ಇಲಾಖೆಗಳು. ಇಕ್ಕೇರಿ ದೇವಸ್ಥಾನ ಕೇಂದ್ರದ ಪುರಾತತ್ವ ಇಲಾಖೆಗೆ, ಶಿವಮೊಗ್ಗದ ಶಿವಪ್ಪ ನಾಯಕ ಅರಮನೆ ರಾಜ್ಯದ ಇಲಾಖೆಗೆ, ಕೊಲ್ಲೂರು ಮುಜರಾಯಿಗೆ, ಬಸ್‌ಸ್ಟ್ಯಾಂಡು ಸಾರಿಗೆಗೆ. ಜಿಲ್ಲೆಗಳೂ ಮೂರು: ಶಿವಮೊಗ್ಗ, ಉಡುಪಿ, ಉತ್ತರ ಕನ್ನಡ. ಯಾರನ್ನು ಕೇಳಿದರೂ "ಅದು ನಮ್ಮ ಲಿಮಿಟ್ಟಿಗೆ ಬರಲ್ಲ" ಎಂಬ ಒಂದೇ ಉತ್ತರ. ಕೆಳದಿ ಅರಸರಿಗೆ ಘಟ್ಟದ ಮೇಲೂ ಕೆಳಗೂ ಒಂದೇ ರಾಜ್ಯವಾಗಿತ್ತು. ಕಥೆ ಒಂದೇ, ಫೈಲು ಮಾತ್ರ ಹತ್ತು!

ಕೇಳುತ್ತಿರುವುದು ಇಷ್ಟೇ

2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲೆ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಉದ್ದ ಎರಡು ಕಿಲೋಮೀಟರಿಗೂ ಹೆಚ್ಚು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದ ಮೇಲೆ ಊರು ಮನೆ ಮುಳುಗಿಸಿಕೊಂಡು, ಲಾಂಚು ಕಾಯುತ್ತಾ ಆರು ದಶಕ ಕಳೆದ ತುಮರಿ ಕಡೆಯ ಜನಕ್ಕೆ ಇದು ಸಿಗಲೇಬೇಕಾಗಿದ್ದ ನ್ಯಾಯ. ಸಾಗರದಿಂದ ಸಿಗಂದೂರು, ಕೊಲ್ಲೂರು, ಕಡಲ ಕಡೆಗೆ ಹೊಸ ದಾರಿಯೂ ತೆರೆಯಿತು. ಆಚೆ 1998ರಿಂದ ಕೊಂಕಣ ರೈಲು ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ ಎಲ್ಲವನ್ನೂ ಪೋಣಿಸಿದೆ. ಈಚೆ ತಾಳಗುಪ್ಪದವರೆಗೆ ರೈಲಿದೆ. ದೊಡ್ಡ ಕೆಲಸಗಳೆಲ್ಲ ಆಗಿವೆ. ನಿಂತಿರುವುದು ಸಣ್ಣ ಕೆಲಸ.

ಪ್ರತಿ ತಾಲ್ಲೂಕು ಬಸ್‌ಸ್ಟ್ಯಾಂಡಿನಲ್ಲಿ ಸರ್ಕಾರಿ, ಖಾಸಗಿ ಎರಡೂ ಬಸ್ಸುಗಳ ವೇಳೆ ಕನ್ನಡದಲ್ಲಿ ಗೋಡೆಯ ಮೇಲೆ ಬರೆಯಿಸಿ. ಭಾನುವಾರದ್ದು ಬೇರೆ ಬರೆಯಿಸಿ. ಹೆಂಗಸರ ಶೌಚಾಲಯದ ಬೀಗ ತೆಗೆಯಿರಿ, ನೀರು ಬಿಡಿ. ಬ್ಯಾಗು ಇಡಲು ಒಂದು ಕೋಣೆ ಕೊಡಿ. ಕೆಳದಿಯಿಂದ ಮಿರ್ಜಾನ್‌ವರೆಗೆ ಎಲ್ಲಿ ಇಳಿಯಬೇಕು, ಏನು ನೋಡಬೇಕು ಎಂದು ಮೂರು ಜಿಲ್ಲೆಯವರೂ ಸೇರಿ ಒಂದು ಹಾಳೆ ಅಚ್ಚು ಹಾಕಿಸಿ, ಐದು ರೂಪಾಯಿಗೆ ಮಾರಿ. ಜನ ಕೊಳ್ಳುತ್ತಾರೆ. ಕಡಲ ದಂಡೆಯಲ್ಲಿ ವರ್ಷವಿಡೀ ಕಾವಲು ಇಡಿ, ಮಳೆಗಾಲದಲ್ಲಿ ನೀರಿಗೆ ಬಿಡಬೇಡಿ. ಶಾಲಾ ಪ್ರವಾಸ ಬಂದರೆ ಮಕ್ಕಳ ತಲೆ ಎಣಿಸಿದ ಮೇಲೆಯೇ ದಂಡೆಗೆ ಬಿಡಿ.

ನೂರಾರು ಕೋಟಿಯ ಸೇತುವೆ ಕಟ್ಟಿದ ಸರ್ಕಾರಕ್ಕೆ ಒಂದು ಡಬ್ಬಿ ಬಣ್ಣ, ಒಂದು ಬೀಗದ ಕೈ, ಒಂದು ಸೀಟಿ ಭಾರವೇ?

ಅಜ್ಜ, ಅಜ್ಜಿ, ಮೊಮ್ಮಗ ನಾಲ್ಕನೇ ದಿನ ಹೊನ್ನಾವರದಿಂದ ಘಟ್ಟ ಹತ್ತಿ ಜೋಗದ ಮೇಲೆ ಹಾದು ಊರಿಗೆ ಬಂದರು. ಬಸ್ಸು ಕಾಯುವುದರಲ್ಲಿ ಒಂದು ದಿನವೇ ಹಾಳಾಗಿದ್ದರಿಂದ ಮಿರ್ಜಾನ್ ಕೋಟೆಯೂ ಗೇರುಸೊಪ್ಪದ ಚತುರ್ಮುಖ ಬಸದಿಯೂ ಉಳಿದುಹೋದವು. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಆರು ಊರಿಗೆ ಟಿಕ್ ಬಿದ್ದಿದೆ, ಎರಡಕ್ಕೆ ಬಿದ್ದಿಲ್ಲ. ಹುಡುಗ ಅವುಗಳ ಎದುರು 'ಬೇಸಿಗೆ ರಜೆ' ಎಂದು ಬರೆದಿದ್ದಾನೆ. ಅಜ್ಜ ಹೂಂ ಅಂದಿದ್ದಾರೆ. ಅಜ್ಜಿ ಮಾತ್ರ ಇನ್ನೂ ಹೂಂ ಅಂದಿಲ್ಲ.

ಆ ಅಜ್ಜಿ ಹೂಂ ಅನ್ನುವ ಹಾಗೆ ಮಾಡುವುದು ಜಿಲ್ಲೆಯ ಅಧಿಕಾರಿಗಳ ಕೈಯಲ್ಲಿದೆ. ಬೇಸಿಗೆ ರಜೆ ಬರುವವರೆಗೆ ಟೈಮಿದೆ.