ಒಮ್ಮೆ ಆ ಮುಚ್ಚಳ ತೆಗೆದು ನೋಡಿ

ಮೆಕ್ಯಾನಿಕಲ್ ಎರಡನೇ ವರ್ಷದವರಾದ ನಮಗೆ ಓಟೋ ಸೈಕಲ್‌ನ ಪಿ-ವಿ ಡಯಾಗ್ರಾಮ್ ಕಣ್ಮುಚ್ಚಿ ಬರೆಯೋಕೆ ಬರುತ್ತೆ. ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್ ವ್ಯತ್ಯಾಸ ವೈವಾದಲ್ಲಿ ಪಟಪಟ ಹೇಳ್ತೀವಿ. ಆದರೆ ಮನೆ ಕಾರಿನ ಬಾನೆಟ್ ಎತ್ತಿ, "ಇಂಜಿನ್ ಆಯಿಲ್ ಹಾಕೋ ಮುಚ್ಚಳ ಯಾವುದೋ?" ಅಂತ ಅಪ್ಪ ಕೇಳಿದ್ರೆ ಎಷ್ಟು ಜನ ಸರಿಯಾಗಿ ಕೈ ತೋರಿಸ್ತೀವಿ? ಪುಸ್ತಕದ ಚಿತ್ರದಲ್ಲಿ ಪಿಸ್ಟನ್ ಇದೆ, ವಾಲ್ವ್ ಇದೆ, ಕ್ರ್ಯಾಂಕ್ ಇದೆ. ಆಯಿಲ್ ಕ್ಯಾಪ್ ಇಲ್ಲ. ಪರೀಕ್ಷೆಗೆ ಬರಲ್ಲ, ಹಾಗಾಗಿ ನಮಗೂ ಬೇಡ.

ನನ್ನ ಅಭಿಪ್ರಾಯ ಇಷ್ಟೇ. ಸ್ಪ್ಯಾನರ್ ಹಿಡಿಯದೆ ಇಂಜಿನ್ ಒಳಗಿನ ಸ್ಥಿತಿ ತಿಳಿಯೋಕೆ ಮನೆಯವರಿಗೆ ಇರುವ ಸುಲಭದ ದಾರಿ ಎರಡು: ಡಿಪ್‌ಸ್ಟಿಕ್ ಮತ್ತು ಈ ಮುಚ್ಚಳ. ತಿಂಗಳಿಗೊಮ್ಮೆ ಅವನ್ನು ನೋಡೋದು ಮನೆಯವರದೇ ಕೆಲಸ. ಮನೇಲಿ ಇಂಜಿನಿಯರಿಂಗ್ ಓದೋರು ಇದ್ದರೆ ಅವರ ಕೆಲಸ.

ಮುಚ್ಚಳ ಮೇಲಿಂದ ಧೂಳು ಬೀಳದಂತೆ, ಒಳಗೆ ಚಿಮ್ಮುವ ಆಯಿಲ್ ಹೊರಗೆ ಬರದಂತೆ ತಡೆಯುತ್ತೆ. ಸಡಿಲವಾದರೆ ಆಯಿಲ್ ಸೋರಿ ಬಿಸಿ ಎಕ್ಸಾಸ್ಟ್ ಮೇಲೆ ಬೀಳಬಹುದು. ಸುಟ್ಟ ವಾಸನೆ, ಹೊಗೆ, ಕೆಲವೊಮ್ಮೆ ಬೆಂಕಿ. ಜೊತೆಗೆ, ಪಿಸ್ಟನ್ ರಿಂಗ್ ದಾಟಿ ಕೆಳಗಿಳಿದ ಗ್ಯಾಸನ್ನು ಪಿಸಿವಿ ವಾಲ್ವ್ ಮತ್ತೆ ಇನ್‌ಟೇಕ್‌ಗೆ ಎಳೆದುಕೊಳ್ಳುತ್ತಲ್ಲ, ಮುಚ್ಚಳ ಸರಿಯಾಗಿ ಕೂತಿಲ್ಲ ಅಂದ್ರೆ ಆ ದಾರಿಯಲ್ಲಿ ಹೊರಗಿನ ಗಾಳಿಯೂ ನುಗ್ಗುತ್ತೆ. ಸೆನ್ಸರ್ ಲೆಕ್ಕಕ್ಕೆ ಸಿಗದ ಗಾಳಿ ಅದು. ಎಷ್ಟೋ ಕಾರುಗಳಲ್ಲಿ ಐಡ್ಲಿಂಗ್ ನಡುಗೋದು, ಚೆಕ್ ಇಂಜಿನ್ ಲೈಟ್ ಹತ್ತೋದು ಇದರಿಂದಲೂ ಆಗಬಹುದು.

ಇನ್ನು ಮುಚ್ಚಳದ ಒಳಮೈ. ಪೆಟ್ರೋಲನ್ನು ಆಕ್ಟೇನ್ ಅಂತ ಇಟ್ಟುಕೊಂಡು ಪಿಯುಸಿ ಕೆಮಿಸ್ಟ್ರಿ ಲೆಕ್ಕ ಹಾಕಿ ನೋಡಿ. 114 ಗ್ರಾಂ ಆಕ್ಟೇನ್ ಪೂರ್ತಿ ಉರಿದರೆ 162 ಗ್ರಾಂ ನೀರು. ಅಂದರೆ ಒಂದು ಕೆ.ಜಿ. ಉರಿದರೆ ಹತ್ತಿರ ಹತ್ತಿರ 1.4 ಕೆ.ಜಿ. ನೀರು! ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೋಗುತ್ತೆ, ಸ್ವಲ್ಪ ರಿಂಗ್ ದಾಟಿ ಆಯಿಲ್ ಇರುವ ಕಡೆ ಸೇರುತ್ತೆ. ಇಂಜಿನ್ ಚೆನ್ನಾಗಿ ಬಿಸಿಯಾಗಿ ಸ್ವಲ್ಪ ಹೊತ್ತು ಓಡಿದರೆ ಅದೂ ಆರಿ ಹೋಗುತ್ತೆ. ಎರಡು ಕಿಲೋಮೀಟರ್ ಓಡಿಸಿ ಆಫ್ ಮಾಡಿದರೆ? ತಣ್ಣಗಿರುವ ಮುಚ್ಚಳದ ಕೆಳಗೆ ಹನಿಗಟ್ಟಿ, ಆಯಿಲ್ ಜೊತೆ ಸೇರಿ ಬೆಣ್ಣೆ ಥರ ಹಳದಿ-ಬಿಳಿ ನೊರೆಯಾಗಿ ಕೂರುತ್ತೆ.

ಸಾಗರದಲ್ಲಿರೋ ನನ್ನ ಸೋದರಮಾವನ ಕಾರಿನದು ಇದೇ ಕಥೆ. ಮನೆಯಿಂದ ಅಂಗಡಿ, ಅಂಗಡಿಯಿಂದ ಮನೆ, ದಿನಕ್ಕೆ ನಾಲ್ಕು ಕಿಲೋಮೀಟರ್ ಆದರೆ ಹೆಚ್ಚು. ಮಳೆಗಾಲ ಬೇರೆ. ಒಂದು ಗ್ಯಾರೇಜಿನವರು ಆ ನೊರೆ ತೋರಿಸಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು" ಅಂದ್ರಂತೆ. ಅಂಗಡಿಗೆ ಮಾಲು ತರೋಕೆ ಅಂತ ಇಟ್ಟಿದ್ದ ದುಡ್ಡು ಅದಕ್ಕೇ ಹೋಗ್ತಿತ್ತು. ಇನ್ನೊಬ್ಬ ಹಳೇ ಮೆಕ್ಯಾನಿಕ್ ಮೂರೇ ಪ್ರಶ್ನೆ ಕೇಳಿದರು. ಕೂಲೆಂಟ್ ಕಡಿಮೆ ಆಗ್ತಿದೆಯಾ? ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬರ್ತಿದೆಯಾ? ಡಿಪ್‌ಸ್ಟಿಕ್‌ನಲ್ಲೂ ಆಯಿಲ್ ಹಾಲು ಹಾಕಿದ ಕಾಫಿ ಥರ ಕಾಣುತ್ತಾ? ಮೂರಕ್ಕೂ ಇಲ್ಲ. "ಹಂಗಾದ್ರೆ ಒರೆಸಿ ಹಾಕಿ ಸ್ವಾಮಿ, ಆಯಿಲ್ ಸ್ವಲ್ಪ ಬೇಗ ಬದಲಾಯಿಸಿ. ಭಾನುವಾರ ಮನೆಯವರನ್ನ ಕೂರಿಸಿಕೊಂಡು ಜೋಗಕ್ಕೆ ಹೋಗಿಬನ್ನಿ" ಅಂದರು. ಇಂಜಿನ್ ಇವತ್ತಿಗೂ ಬಿಚ್ಚಿಲ್ಲ.

ಆ ಪ್ರಶ್ನೆಗಳಲ್ಲಿ ಒಂದಕ್ಕೆ 'ಹೌದು' ಅಂತ ಬಂದಿದ್ದರೆ ಮಾತು ಬೇರೆ. ಆಗ ಕಾರು ಓಡಿಸದೆ ತೋರಿಸಲೇಬೇಕು. ಕೂಲೆಂಟ್ ಬೆರೆತ ಆಯಿಲ್ ಬೇರಿಂಗ್‌ಗಳನ್ನು ತಿಂದು ಹಾಕುತ್ತೆ. ಗೊತ್ತಿಲ್ಲದವರಿಗೆ ಎರಡೂ ಕಡೆ ನಷ್ಟ: ಸುಮ್ಮನೆ ಹೆದರಿ ದುಡ್ಡು ಕೊಡ್ತಾರೆ, ಇಲ್ಲ ಹೆದರಬೇಕಾದಾಗ ಹೆದರಲ್ಲ.

ನೋಡೋದು ಹೇಗೆ? ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡೋ ಮುಂಚೆ, ಇಂಜಿನ್ ತಣ್ಣಗಿದ್ದಾಗ. ಆಯಿಲ್ ಡಬ್ಬಿಯ ಗುರುತು ಇರುವ ಮುಚ್ಚಳ ಹುಡುಕಿ. ಕೆಲವು ಕಾರುಗಳಲ್ಲಿ ಅದರ ಮೇಲೇ 5ಡಬ್ಲ್ಯೂ-30 ಥರ ಗ್ರೇಡ್ ಬರೆದಿರುತ್ತೆ. ರೇಡಿಯೇಟರ್ ಮುಚ್ಚಳ ಬೇರೆ. ಬಿಸಿ ಇದ್ದಾಗ ಅದನ್ನು ಮುಟ್ಟಲೇಬೇಡಿ. ಮೊದಲು ಸುತ್ತಲಿನ ಧೂಳು ಒರೆಸಿ, ಆಮೇಲೆ ತೆಗೆಯಿರಿ. ನೂಲು ಬಿಡದ ಬಟ್ಟೆಯಿಂದ ಒಳಮೈ ಒರೆಸಿ. ರಬ್ಬರ್ ರಿಂಗ್ ಗಟ್ಟಿಯಾಗಿದ್ರೆ, ಬಿರುಕು ಬಿಟ್ಟಿದ್ರೆ, ಮುಚ್ಚಳದ ಸುತ್ತ ಆಯಿಲ್ ಜಿಡ್ಡಿಗೆ ಮಣ್ಣು ಮೆತ್ತಿದ್ರೆ ರಿಂಗ್ ಅಥವಾ ಮುಚ್ಚಳ ಬದಲಿಸಿ. ಕೈಯಿಂದಲೇ ತಿರುಗಿಸಿ ಕೂರಿಸಿ, ಸ್ಪ್ಯಾನರ್ ಬೇಡ. ಐದು ನಿಮಿಷದ ಕೆಲಸ.

"ಸರ್ವೀಸ್‌ನಲ್ಲಿ ನೋಡ್ತಾರಲ್ವಾ?" ಅಂತೀರಿ. ಬಹಳಷ್ಟು ಕಾರುಗಳಿಗೆ ಸರ್ವೀಸ್ ವರ್ಷಕ್ಕೊಂದು ಸಲ, ಇಲ್ಲ 10,000 ಕಿ.ಮೀ.ಗೆ. ನಡುವಿನ ಮಳೆಗಾಲ ಯಾರು ನೋಡೋದು? "ಮುಂದೆ ಎಲ್ಲಾ ಇವಿ ಬಿಡು" ಅನ್ನೋರೂ ಇದ್ದಾರೆ. ಸರಿ, ಅದರಲ್ಲಿ ಇಂಜಿನ್ ಆಯಿಲ್ ಇಲ್ಲ. ಆದರೆ ನಮ್ಮಲ್ಲಿ ಎಷ್ಟೋ ಮನೆಗೆ ಮೊದಲ ಕಾರು ಬರೋದು ಸೆಕೆಂಡ್ ಹ್ಯಾಂಡ್ ಆಗಿಯೇ. ಕೊಳ್ಳೋಕೆ ಹೋದಾಗ ಪಾಲಿಶ್ ನೋಡೋ ಬದಲು ಈ ಮುಚ್ಚಳ ತೆಗೆಸಿ ನೋಡಿ. ಕೆಳಗೆ ಡಾಂಬರಿನಂಥ ಕಪ್ಪು ಪದರ ಕಟ್ಟಿದ್ದರೆ, ಹಳೇ ಮಾಲೀಕರು ಆಯಿಲ್ ಬದಲಿಸೋಕೆ ಎಷ್ಟು ಸೋಮಾರಿ ಅಂತ ಅಲ್ಲೇ ಗೊತ್ತಾಗುತ್ತೆ.

ನಿಜವಾದ ಅಡ್ಡಿ ಟೈಮ್ ಅಲ್ಲ ಅನ್ಸುತ್ತೆ. ಕೈ ಜಿಡ್ಡಾಗೋದು ಮೆಕ್ಯಾನಿಕ್ ಕೆಲಸ, ನಮ್ಮದು ಲ್ಯಾಪ್‌ಟಾಪ್ ಕೆಲಸ ಅನ್ನೋ ಭಾವನೆ. ಆಯುಧಪೂಜೆ ದಿನ ಕಾರು ತೊಳೆದು, ಚೆಂಡು ಹೂವಿನ ಹಾರ ಹಾಕಿ, ಬಾನೆಟ್ ಮೇಲೆ ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು ಇಡ್ತೀವಿ. ಈ ಸಲ ಕುಂಕುಮ ಇಡೋ ಮುಂಚೆ ಆ ಬಾನೆಟ್ ಒಮ್ಮೆ ಎತ್ತಿ. ಪಕ್ಕದಲ್ಲಿ ಅಪ್ಪನನ್ನೋ ಅಮ್ಮನನ್ನೋ ನಿಲ್ಲಿಸಿಕೊಂಡು, ಅವರಿಗೂ ತೋರಿಸಿ.