ಐದು ತುಂಡಿನ ಅಚ್ಚು

ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಗೃಹಸ್ಥರು ತೊಡುತ್ತಿದ್ದ ಎತ್ತರದ ಕಪ್ಪು ಟೋಪಿಯನ್ನು ಚಿತ್ರಗಳಲ್ಲಿ ಎಲ್ಲರೂ ನೋಡಿದ್ದೇವೆ. ಸರಿಯಾಗಿ ಗಮನಿಸಿದರೆ ಅದು ನೆಟ್ಟಗಿನ ಕೊಳವೆಯಲ್ಲ. ಸೊಂಟದಲ್ಲಿ ಸಣ್ಣಗಾಗಿ ನೆತ್ತಿಯ ಕಡೆಗೆ ಮತ್ತೆ ಅಗಲವಾಗುತ್ತದೆ. ಟೋಪಿಗೆ ರೂಪ ಕೊಡುವುದು ಮರದ ಅಚ್ಚಿನ ಮೇಲೆ. ಮೇಲೆ ಅಗಲ, ಕೆಳಗೆ ಕಿರಿದು ಇರುವ ಅಚ್ಚನ್ನು ಟೋಪಿ ಗಟ್ಟಿಯಾದ ಮೇಲೆ ಹೊರಗೆ ತೆಗೆಯುವುದು ಹೇಗೆ?

ಟೋಪಿಗಾರರು ಇದಕ್ಕೆ ಕಂಡುಕೊಂಡ ಉಪಾಯ ಐದು ತುಂಡಿನ ಅಚ್ಚು. ನಡುವಿನ ತುಂಡನ್ನು ಕೆಳಗಿನಿಂದ ಎಳೆದರೆ ಅಲ್ಲಿ ಖಾಲಿ ಜಾಗವಾಗುತ್ತದೆ. ಸುತ್ತಲಿನ ನಾಲ್ಕು ತುಂಡುಗಳು ಒಂದೊಂದಾಗಿ ಅಲ್ಲಿಗೆ ಸರಿದು ಕಿರಿದಾದ ಬಾಯಿಯಿಂದ ಹೊರಬರುತ್ತವೆ. ಟೋಪಿಗೆ ಒಂದು ಗೆರೆಯೂ ಬೀಳುವುದಿಲ್ಲ. ಆ ಟೋಪಿಯ ಒಡಲಾದರೂ ಏನು? ಅರಗಿನ ದ್ರಾವಣದಲ್ಲಿ ಅದ್ದಿ ತೆಗೆದ ತೆಳು ಹತ್ತಿಬಟ್ಟೆ, ಅದರ ಮೇಲೆ ಇಸ್ತ್ರಿ ಮಾಡಿ ಅಂಟಿಸಿದ ರೇಷ್ಮೆಯ ಮಖಮಲ್ಲು. ಅರಗು ಬಹುಪಾಲು ಹೋಗುತ್ತಿದ್ದುದು ಭಾರತದಿಂದ. ನಮ್ಮ ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅದೇ ಅರಗು ಲಂಡನ್ನಿನ ಸಾಹುಕಾರನ ಟೋಪಿಯನ್ನೂ ನೆಟ್ಟಗೆ ನಿಲ್ಲಿಸಿತ್ತು.

ಇಂಥ ಅಚ್ಚುಗಳು ಈಗ ಯುರೋಪು, ಅಮೆರಿಕದ ಹಳೆ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ಕೊಂಡವರಲ್ಲಿ ಕೆಲವರು ಅದಕ್ಕೆ ತೂತು ಕೊರೆದು ವೈರು ಎಳೆದು ಟೇಬಲ್ ಲ್ಯಾಂಪು ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ಅದರ ಮೇಲೆ ಟೋಪಿ ಮಾಡುತ್ತಾರೆ. ನನ್ನ ಆಸಕ್ತಿ ಈ ಎರಡನೆಯವರಲ್ಲಿ.

ಗಂಡಸರು ಟೋಪಿ ಇಲ್ಲದೆ ಬೀದಿಗಿಳಿಯದ ಕಾಲವೊಂದಿತ್ತು. ಅಮೆರಿಕದ ಡ್ಯಾನ್‌ಬರಿ ಎಂಬ ಒಂದೇ ಊರಿನ ಮೂವತ್ತು ಕಾರ್ಖಾನೆಗಳು 1887ರ ಹೊತ್ತಿಗೆ ವರ್ಷಕ್ಕೆ 50 ಲಕ್ಷ ಟೋಪಿ ಹೊರತರುತ್ತಿದ್ದವು. ಎರಡನೆಯ ಮಹಾಯುದ್ಧ ಮುಗಿದು ಕಾರು ಮನೆಮನೆಗೆ ಬಂತು, ತಲೆ ಬರಿದಾಯಿತು, ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಂಗ್ಲೆಂಡಿನ ಸ್ಟಾಕ್‌ಪೋರ್ಟ್ ಇನ್ನೊಂದು ಟೋಪಿಯ ಊರು; ಅಲ್ಲಿನ ಹಳೆಯ ಗಿರಣಿಯೊಂದರಲ್ಲಿ 2000ದಲ್ಲಿ ಟೋಪಿಯ ಮ್ಯೂಸಿಯಂ ತೆರೆಯಿತು. ಟೋಪಿ ಮಾಡುವವರು ಹೇಗೋ ಅಲ್ಲೊಬ್ಬ ಇಲ್ಲೊಬ್ಬ ಉಳಿದುಕೊಂಡರು. ಅವರಿಗೆ ಸಲಕರಣೆ ಮಾಡಿಕೊಡುತ್ತಿದ್ದವರು ಉಳಿಯಲಿಲ್ಲ. ನೂರು ಟೋಪಿಗಾರರಿದ್ದರೆ ಮಾತ್ರ ಒಬ್ಬ ಅಚ್ಚು ಕೆತ್ತುವವನ ಹೊಟ್ಟೆ ತುಂಬುತ್ತದೆ. ಟೋಪಿಗಾರರು ಐದಕ್ಕಿಳಿದರೆ ಅವನು ಮೊದಲು ಅಂಗಡಿ ಮುಚ್ಚುತ್ತಾನೆ. ಬ್ರಿಟನ್ನಿನ ಹೆರಿಟೇಜ್ ಕ್ರಾಫ್ಟ್ಸ್ ಸಂಸ್ಥೆ ಅಳಿವಿನಂಚಿನ ಕಸುಬುಗಳ ಕೆಂಪು ಪಟ್ಟಿಯೊಂದನ್ನು ಇಟ್ಟುಕೊಂಡಿದೆ. ಟೋಪಿಯ ಅಚ್ಚು ಕೆತ್ತುವ ಕೆಲಸ ಅದರಲ್ಲಿ ತೀರಾ ಅಪಾಯದ ಸಾಲಿನಲ್ಲಿದೆ. ಕಸುಬೊಂದರ ಆಯಸ್ಸು ಅಳೆಯಬೇಕಾದವರು ಕಸುಬುದಾರರ ತಲೆ ಎಣಿಸುವುದಕ್ಕಿಂತ ಅವರ ಹತಾರ ಮಾಡುವವನು ಇದ್ದಾನೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಹೀಗಾಗಿ ಇವತ್ತು ಹೊಸದಾಗಿ ಟೋಪಿ ಕಲಿಯಲು ಹೊರಟವರು ಮೊದಲು ಸಂಗ್ರಾಹಕರಾಗಬೇಕು, ಆಮೇಲೆ ಬಡಗಿಗಳಾಗಬೇಕು. ಟೋಪಿಯ ಸರದಿ ಮೂರನೆಯದು.

ಸಂಗ್ರಾಹಕರೆಲ್ಲ ಬಾಯಿ ಬಿಡುವ ವಸ್ತು ಕಾನ್‌ಫಾರ್ಮೇಟರ್. ಹತ್ತೊಂಬತ್ತನೆಯ ಶತಮಾನದ ನಡುವೆ ಪ್ಯಾರಿಸ್ಸಿನಲ್ಲಿ ಹುಟ್ಟಿದ ಯಂತ್ರ. ಗಿರಾಕಿಯ ತಲೆಯ ಮೇಲೆ ಇದನ್ನು ಟೋಪಿಯ ಹಾಗೆಯೇ ಇಡುತ್ತಾರೆ. ಸುತ್ತಲೂ ಸಾಲಾಗಿ ನಿಂತ ಕರಿಮರದ ಪಟ್ಟಿಗಳು ತಲೆಯ ಉಬ್ಬುತಗ್ಗಿಗೆ ತಕ್ಕಂತೆ ಹಿಂದೆ ಮುಂದೆ ಸರಿಯುತ್ತವೆ. ಪ್ರತಿ ಪಟ್ಟಿಯ ಚಲನೆ ಮೇಲ್ಗಡೆ ಒಂದು ಸೂಜಿಗೆ ಮುಟ್ಟುತ್ತದೆ. ಮುಚ್ಚಳದಲ್ಲಿ ಕಾಗದ ಸಿಕ್ಕಿಸಿ ಒತ್ತಿದರೆ ಸೂಜಿಗಳೆಲ್ಲ ಚುಚ್ಚಿ ತಲೆಯ ಸುತ್ತಳತೆಯ ಚಿಕ್ಕ ನಕ್ಷೆ ಮೂಡುತ್ತದೆ. ಆ ಕಾಗದವನ್ನು ಚುಕ್ಕಿಯ ಗುಂಟ ಕತ್ತರಿಸಿ ಫಾರ್ಮಿಲಿಯನ್ ಎಂಬ ಇನ್ನೊಂದು ಸಲಕರಣೆಯೊಳಗೆ ಕೂರಿಸಿದರೆ ಅದರ ಪಟ್ಟಿಗಳು ಅದೇ ತಲೆಯ ಆಕಾರವನ್ನು ಪೂರ್ಣ ಗಾತ್ರದಲ್ಲಿ ಕಟ್ಟಿಕೊಡುತ್ತವೆ. ಬಿಸಿ ಮಾಡಿದ ಟೋಪಿಯ ಅಂಚನ್ನು ಅದರ ಮೇಲೆ ಕೂರಿಸಿ ತಣಿಸಿದರೆ ಮುಗಿಯಿತು. ಮನುಷ್ಯರ ತಲೆ ಶುದ್ಧ ಮೊಟ್ಟೆಯಾಕಾರ ಎಂದು ನಂಬಿಕೊಂಡವರು ಇಂಥ ಕಾಗದಗಳನ್ನು ನೋಡಬೇಕು. ಒಂದು ಕಡೆ ಗುಬುಟು, ಇನ್ನೊಂದು ಕಡೆ ಚಪ್ಪಟೆ, ಹಿಂದುಗಡೆ ಒಂದು ಮೂಲೆ. ಲಂಡನ್ನಿನಲ್ಲಿ 1676ರಿಂದ ನಡೆಯುತ್ತಿರುವ ಲಾಕ್ ಅಂಗಡಿಯವರು ಹೆಸರಾಂತ ಗಿರಾಕಿಗಳ ಇಂಥ ನಕ್ಷೆಗಳನ್ನು ಇಟ್ಟುಕೊಂಡಿದ್ದಾರೆ. ಎಷ್ಟು ದೊಡ್ಡವರಾದರೇನು, ಆ ಕಾಗದದಲ್ಲಿ ಯಾರೂ ಚೆಂದವಾಗಿ ಕಾಣುವುದಿಲ್ಲ.

ಈ ಯಂತ್ರವನ್ನು ಡ್ರಾಯಿಂಗ್ ರೂಮಿನ ಶೆಲ್ಫಿನಲ್ಲಿಡಲು ಕೊಳ್ಳುವವರ ಕಾಟದಿಂದ ಬೆಲೆ ಏರಿ, ನಿಜವಾಗಿ ಬೇಕಾದ ಕೆಲಸಗಾರನ ಕೈಗೆ ಎಟುಕದಂತಾಗಿದೆ. ಆದರೆ ಎಲ್ಲ ಹತಾರವೂ ಇಷ್ಟು ತೊಡಕಿನದಲ್ಲ, ಕೆಲವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಟೋಪಿಯ ಅಂಚನ್ನು ಸುತ್ತಲೂ ಒಂದೇ ಅಗಲಕ್ಕೆ ಕೊಯ್ಯುವ ರೌಂಡಿಂಗ್ ಜ್ಯಾಕ್ ಹಾಗಿನದು. ಬಾಗಿದ ಒಂದು ಮರದ ತುಂಡು, ಅದರಿಂದ ಹೊರಚಾಚಿದ ಅಳತೆಯ ಪಟ್ಟಿ, ಪಟ್ಟಿಯಲ್ಲಿ ಒಂದು ಅಲಗು, ಅಷ್ಟೆ. ಬಾಗಿದ ಭಾಗವನ್ನು ಟೋಪಿಯ ಬುಡಕ್ಕೆ ಒತ್ತಿ ಹಿಡಿದು ಸುತ್ತ ತಿರುಗಿಸಿದರೆ ಅಲಗು ಹೊರಗೆ ಕೊಯ್ಯುತ್ತಾ ಹೋಗುತ್ತದೆ. ಹಳೆಯ ಜ್ಯಾಕಿನ ಫೋಟೊ ನೋಡಿ ನಕಲು ಮಾಡಿದರೆ ಸಾಲದು. ಬಾಗು ಸ್ವಲ್ಪ ತಪ್ಪಿದರೂ ಹಣೆಯ ಕಡೆಯ ತಿರುವಿನಲ್ಲಿ ಅದು ಅಲ್ಲಾಡುತ್ತದೆ, ಅಂಚು ಸೊಟ್ಟಗಾಗುತ್ತದೆ. ಫೋಟೊದಲ್ಲಿ ಕಾಣದ ಈ ಬಾಗು ಕೊಯ್ಯುವ ಕೈಗೆ ಮಾತ್ರ ತಿಳಿಯುತ್ತದೆ.

ಅಚ್ಚುಗಳದ್ದೂ ಇದೇ ಕಥೆ. ಅಮೆರಿಕದಲ್ಲಿ ಹೆಚ್ಚಾಗಿ ಪಾಪ್ಲರ್ ಮರ. ಎಳೆ ಸಮ, ಹಬೆಗೆ ಬೇಗ ಸೀಳುವುದಿಲ್ಲ. ಹಲಗೆಗಳನ್ನು ಅಂಟಿಸಿ ದಿಮ್ಮಿ ಮಾಡಿ, ರಟ್ಟಿನ ಮಾದರಿ ಹಿಡಿದು ನೋಡುತ್ತಾ ಕೆತ್ತಿ ಉಜ್ಜಬೇಕು. ಹಳೆಯ ಅಚ್ಚು ಸಿಕ್ಕರೆ ಮೊದಲು ತಿರುಗಿಸಿ ತಳ ಓದಬೇಕು. ಅಲ್ಲಿ ತಲೆಯ ಅಳತೆ, ನೆತ್ತಿಯ ಎತ್ತರ, ಮಾದರಿಯ ಸಂಖ್ಯೆ ಒತ್ತಿರುತ್ತಾರೆ. ಎತ್ತರ ನೋಡಿದರೆ ಕಾಲವೂ ಸುಮಾರಾಗಿ ತಿಳಿಯುತ್ತದೆ. 1940ರ ದಶಕದ ಟೋಪಿಗಳ ನೆತ್ತಿ ಎತ್ತರ; 1960ರ ಹೊತ್ತಿಗೆ ಅದು ತಗ್ಗಿ ಅಂಚೂ ಕುಗ್ಗಿತು. ಸಾಯುವ ಮೊದಲು ಟೋಪಿ ಹೀಗೆ ಕುಬ್ಜವಾಯಿತೆನ್ನಬೇಕು.

ಇದೆಲ್ಲಕ್ಕಿಂತ ಹಿಂದಿನ ಹತಾರ ಬಿಲ್ಲು. ಹದಿನೆಂಟನೆಯ ಶತಮಾನದಲ್ಲಿ ದಿದರೋ ಸಂಪಾದಿಸಿದ ಫ್ರೆಂಚ್ ವಿಶ್ವಕೋಶದ ಚಿತ್ರಪಟಗಳಲ್ಲಿ ಟೋಪಿಗಾರನ ಕಾರ್ಖಾನೆಯಿದೆ. ಚಾವಣಿಯಿಂದ ತೂಗುಬಿಟ್ಟ ಆಳೆತ್ತರಕ್ಕೂ ಮೀರಿದ ಬಿಲ್ಲು, ಅದಕ್ಕೆ ಬಿಗಿದ ಕರುಳಿನ ತಂತಿ, ಕೆಳಗೆ ಮೇಜಿನ ಮೇಲೆ ಪ್ರಾಣಿಗಳ ತುಪ್ಪಳ. ತಂತಿಯನ್ನು ಮೀಟಿದಾಗ ತುಪ್ಪಳದ ಒಂದೊಂದು ಎಳೆಯೂ ಬಿಡಿಯಾಗಿ ಹಾರಿ ಮತ್ತೆ ಸಮನಾದ ಪದರವಾಗಿ ಬೀಳುತ್ತದೆ. ಆ ಪದರವನ್ನು ಬಿಸಿನೀರಲ್ಲಿ ತೋಯಿಸಿ ತಿಕ್ಕಿ ಕುಗ್ಗಿಸಿದರೆ ಫೆಲ್ಟ್. ಆ ಚಿತ್ರ ನೋಡಿದ ಕನ್ನಡಿಗರಿಗೆ ವಿವರಣೆಯೇ ಬೇಡ. ಅದು ನಮ್ಮ ಪಿಂಜಾರರ, ನದಾಫರ ಬಿಲ್ಲು. ಅವರು ಮರದ ಹಿಡಿಯಿಂದ ತಂತಿಗೆ ಬಡಿದು ಹಿಂಜಿದ್ದು ಅರಳೆ. ಫ್ರೆಂಚರು ಮೀಟಿ ಹಿಂಜಿದ್ದು ಮೊಲ, ಬೀವರ್‌ಗಳ ತುಪ್ಪಳ. ಹಾಸಿಗೆ ಹಿಂಜುವವನು ಓಣಿಗೆ ಬಂದನೆಂದು ಸಾರುತ್ತಿದ್ದ ಆ ಝೇಂಕಾರ ಪ್ಯಾರಿಸ್ಸಿನ ಗಲ್ಲಿಗಳಲ್ಲೂ ಕೇಳಿಸುತ್ತಿತ್ತು ಎಂದುಕೊಂಡರೆ ಖುಷಿಯಾಗುತ್ತದೆ.

ಹಳೆಯದನ್ನೆಲ್ಲ ಮತ್ತೆ ತರಬೇಕೆಂದು ಯಾರೂ ವಾದಿಸಬಾರದು. ಮೊಲದ ತುಪ್ಪಳ ಚೆನ್ನಾಗಿ ಹೆಣೆದುಕೊಳ್ಳಲೆಂದು ಪಾದರಸದ ನೈಟ್ರೇಟ್ ಹಚ್ಚುತ್ತಿದ್ದರು. ಅದರ ಆವಿ ಕುಡಿದ ಕೆಲಸಗಾರರ ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು. ಡ್ಯಾನ್‌ಬರಿಯ ನಡುಕವೆಂದೇ ಆ ರೋಗಕ್ಕೆ ಹೆಸರು ಬಿತ್ತು. ಅಮೆರಿಕದಲ್ಲಿ ಪಾದರಸದ ಬಳಕೆ ನಿಂತದ್ದು 1941ರಲ್ಲಿ. ಮ್ಯೂಸಿಯಮ್ಮಿನವರು ಹಳೆಯ ಫೆಲ್ಟ್ ಟೋಪಿಗಳನ್ನು ಇವತ್ತಿಗೂ ಕೈಗವಸು ಹಾಕಿಯೇ ಮುಟ್ಟುತ್ತಾರೆ. ಅಚ್ಚು, ಬಿಲ್ಲು, ಜ್ಯಾಕುಗಳಿಗೆ ಮತ್ತೆ ಕೆಲಸ ಕೊಡೋಣ, ಪಾದರಸ ಮಾತ್ರ ಇತಿಹಾಸದ ಪುಟದಲ್ಲೇ ಇರಲಿ.

ನಮ್ಮ ಹಿಂಜುವ ಬಿಲ್ಲುಗಳು ಕೂಡ ಈಗ ರೆಸಾರ್ಟುಗಳ ಗೋಡೆ ಏರುತ್ತಿವೆ, ಅದೂ ತಂತಿಯಿಲ್ಲದೆ. ನಿಮ್ಮ ಊರಿನಲ್ಲಿ ಬಿಲ್ಲು ಹಿಡಿದ ಹಿರಿಯರು ಇನ್ನೂ ಇದ್ದರೆ ಈ ಬೇಸಿಗೆಯಲ್ಲೇ ಹೋಗಿ ನೋಡಿ. ಮರ ಯಾವುದು, ತಂತಿಯ ಕರುಳನ್ನು ಹೇಗೆ ಹದ ಮಾಡುತ್ತಿದ್ದರು, ಎಷ್ಟು ಬಿಗಿಯುತ್ತಿದ್ದರು, ಎಲ್ಲಿ ಬಡಿಯುತ್ತಿದ್ದರು, ಎಲ್ಲ ಕೇಳಿ ಬರೆದುಕೊಳ್ಳಿ. ಅವರ ಕೈಯಲ್ಲೇ ಒಂದು ಮೂಟೆ ಅರಳೆ ಹಿಂಜಿಸಿ, ಕೂಲಿ ಕೊಟ್ಟು, ಮೊಬೈಲಿನಲ್ಲಿ ಚಿತ್ರೀಕರಿಸಿ. ಬಿಲ್ಲು ಕೊಳ್ಳುವ ಮಾತು ಆಮೇಲೆ.