ಹಿಂದಿನ ಗಾಲಿಗೆ ಡಿಸ್ಕ್ ಬ್ರೇಕ್: ಅವಸರ ಬೇಡ

ಗುಂಡ್ಯದ ಆಸುಪಾಸಿನ ರೈತ ಬಾಂಧವರಿಗೆ ಇಳಿಜಾರಿನ ವಿಷಯವನ್ನು ಹೊಸದಾಗಿ ಹೇಳಬೇಕಾಗಿಲ್ಲ. ಮೇಲೆ ಶಿರಾಡಿ ಘಟ್ಟ, ಕೆಳಗೆ ಹೊಳೆ, ನಡುವೆ ಗುಡ್ಡದ ಓರೆಯಲ್ಲಿ ತೋಟ. ಗೊಬ್ಬರ ಹೇರಿಕೊಂಡು ಇಳಿಯಬೇಕು, ಅಡಿಕೆ ಗೋಣಿ ಹೇರಿಕೊಂಡು ಏರಬೇಕು. ಹಳೆಯ ಜೀಪು ಅಥವಾ ಪಿಕಪ್ ಇಟ್ಟುಕೊಂಡವರಿಗೆ ಬ್ರೇಕಿನದೇ ಚಿಂತೆ. ಗುಜರಿಗೆ ಬಂದ ಕಾರಿನ ಹಿಂದಿನ ಡಿಸ್ಕುಗಳನ್ನು ತಂದು ಹಳೆಯ ಗಾಡಿಯ ಹಿಂದಿನ ಗಾಲಿಗೆ ಜೋಡಿಸಿದರೆ ಈ ಚಿಂತೆ ತೀರುತ್ತದೆ ಎಂಬ ಸಲಹೆಯನ್ನು ನೀವೂ ಕೇಳಿರಬಹುದು. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಕಾರಣಗಳನ್ನು ನೀವೇ ತೂಗಿ ನೋಡಿ.

ಮೊದಲಿಗೆ, ಡಿಸ್ಕ್ ಒಳ್ಳೆಯದೆಂಬ ಮಾತು ಸುಳ್ಳಲ್ಲ. ಸಕಲೇಶಪುರದ ಕಡೆಯಿಂದ ಗುಂಡ್ಯಕ್ಕೆ ಇಳಿಯುವ ಗಾಡಿ 700 ಮೀಟರಿಗೂ ಹೆಚ್ಚು ಎತ್ತರವನ್ನು ಕಳೆದುಕೊಳ್ಳುತ್ತದೆ. ಗಾಡಿ ಮತ್ತು ಹೇರು ಸೇರಿ 2 ಟನ್ ಇದೆಯೆಂದರೆ, ಆ 700 ಮೀಟರಿನ ಇಳಿತದಲ್ಲಿ ಹುಟ್ಟುವ ಶಾಖ ಸುಮಾರು 40 ಲೀಟರ್ ತಣ್ಣೀರನ್ನು ಕುದಿಸಲು ಸಾಕು. ನಿಮ್ಮ ಬಚ್ಚಲಿನ ಹಂಡೆಯನ್ನು ನೆನೆದುಕೊಳ್ಳಿ. ಅದನ್ನು ಕಾಯಿಸಲು ಎಷ್ಟು ಸೌದೆ ಬೇಕು! ಅದರಲ್ಲಿ ಒಂದು ಪಾಲನ್ನು ಎಂಜಿನ್ನೂ ಗಾಳಿಯೂ ನುಂಗುತ್ತವೆ. ಗೇರು ಇಳಿಸದೆ ಬರುವವನ ಗಾಡಿಯಲ್ಲಿ ಉಳಿದದ್ದೆಲ್ಲ ಬ್ರೇಕಿಗೇ ಬೀಳುತ್ತದೆ. ಡ್ರಮ್ ಕಾದಾಗ ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತವೂ ಸಡಿಲಾಗುತ್ತದೆ. ಮಳೆಗಾಲದಲ್ಲಿ ತೋಡು ದಾಟಿದರೆ ನೀರು, ಕೆಸರು ಒಳಗೇ ನಿಲ್ಲುತ್ತವೆ. ಡಿಸ್ಕಾದರೋ ಗಾಳಿಗೆ ತೆರೆದಿರುವುದರಿಂದ ಬೇಗ ತಣಿಯುತ್ತದೆ, ನೀರನ್ನು ಕೊಡವಿಬಿಡುತ್ತದೆ.

ಹಾಗಾದರೆ ತಕರಾರು ಎಲ್ಲಿ? ಅದು ಇರುವುದು ‘ಹಿಂದಿನ’ ಎಂಬ ಮಾತಿನಲ್ಲಿ. ಬ್ರೇಕ್ ಒತ್ತಿದೊಡನೆ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ. ಇಳಿಜಾರಿನಲ್ಲಿ ಇನ್ನಷ್ಟು ವಾಲುತ್ತದೆ. ನಿಲ್ಲಿಸುವ ಕೆಲಸದ ದೊಡ್ಡ ಪಾಲು ಮುಂದಿನ ಗಾಲಿಗಳದು. ಮುಂದೆ ಹಳೆಯ ಡ್ರಮ್ಮನ್ನೇ ಬಿಟ್ಟು ಹಿಂದೆ ಡಿಸ್ಕ್ ಹಾಕಿದರೆ ಏನಾದೀತು? ಘಟ್ಟದ ಅರ್ಧದಲ್ಲಿ ಮುಂದಿನ ಡ್ರಮ್ಮುಗಳು ಕಾದು ಸೋಲುತ್ತವೆ, ಹಿಂದಿನ ಡಿಸ್ಕುಗಳು ಸೋಲದೆ ಹಿಡಿಯುತ್ತವೆ. ಹೇರು ಇಳಿಸಿ ಖಾಲಿ ಬರುವಾಗ ಹಿಂಭಾಗ ಹಗುರ, ರಸ್ತೆ ಒದ್ದೆ. ಹಿಂದಿನ ಗಾಲಿಗಳು ಮೊದಲು ಕಚ್ಚಿಕೊಂಡು ನಿಂತುಬಿಟ್ಟರೆ ಗಾಡಿಯ ಬಾಲ ಅಡ್ಡ ತಿರುಗುತ್ತದೆ. ಬದಿಯಲ್ಲಿ ಪ್ರಪಾತವಿರುವ ರಸ್ತೆಯಲ್ಲಿ ಬ್ರೇಕ್ ಸ್ವಲ್ಪ ಕಡಿಮೆ ಹಿಡಿಯುವುದಕ್ಕಿಂತಲೂ ಇದು ಅಪಾಯ.

ಎರಡನೆಯದು ಹ್ಯಾಂಡ್ ಬ್ರೇಕು. ವಿಲ್ಲೀಸ್ ಮಾದರಿಯ ಹಳೆಯ ಜೀಪುಗಳಲ್ಲಿ ಇದು ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಬೇರೆಯಾಗಿಯೇ ಇರುವುದರಿಂದ ಚಿಂತೆಯಿಲ್ಲ. ಪಿಕಪ್ಪುಗಳಲ್ಲಿ ಕೇಬಲ್ಲು ಹಿಂದಿನ ಡ್ರಮ್ಮಿನ ಶೂಗಳನ್ನೇ ಎಳೆಯುತ್ತದೆ. ಡ್ರಮ್ ತೆಗೆದರೆ ಹ್ಯಾಂಡ್ ಬ್ರೇಕೂ ಹೋಯಿತು. ಕೇಬಲ್ಲಿನಿಂದ ಹಿಡಿಯುವ ಕ್ಯಾಲಿಪರ್, ಇಲ್ಲವೇ ಒಳಗೆ ಪುಟ್ಟ ಡ್ರಮ್ ಇರುವ ಡಿಸ್ಕ್ ತಂದರೆ ಮಾತ್ರ ಉಳಿದೀತು. ಓರೆಯಲ್ಲಿ ನಿಲ್ಲಿಸಿ ಗಾಲಿಗೆ ಕಲ್ಲು ಕೊಟ್ಟು ಗೊಬ್ಬರ ಇಳಿಸುವವರು ಗಾಡಿಯ ಹಿಂದೆಯೇ ನಿಂತಿರುತ್ತಾರೆಂಬುದನ್ನು ಮರೆಯಬೇಡಿ.

ಇನ್ನು ಕಾರಿನ ಹಿಂದಿನ ಡಿಸ್ಕ್ ಎಂಬುದು ಹಗುರ ಗಾಡಿಯ ಹಗುರ ಕೆಲಸಕ್ಕೆಂದು ಮಾಡಿದ ವಸ್ತು. ಸವೆದು ಎಷ್ಟು ತೆಳ್ಳಗಾಗಬಹುದು ಎಂಬ ಅಳತೆಯನ್ನು ಸಾಮಾನ್ಯವಾಗಿ ಅದರ ಮೇಲೆಯೇ ಕೊರೆದಿರುತ್ತಾರೆ. ಗುಜರಿಯಲ್ಲಿ ಅದನ್ನು ಓದುವವರು ಯಾರು? ಡ್ರಮ್ಮಿನಲ್ಲಿ ತಿರುಗುವ ವೇಗವೇ ಶೂವನ್ನು ಒಳಕ್ಕೆಳೆದು ಹಿಡಿತಕ್ಕೆ ಸಹಾಯ ಮಾಡುತ್ತದೆ. ಡಿಸ್ಕಿಗೆ ಆ ಸಹಾಯವಿಲ್ಲ, ಹೆಚ್ಚಿನ ಒತ್ತಡ ಬೇಕು. ಬೂಸ್ಟರ್ ಇಲ್ಲದ ಗಾಡಿಯಲ್ಲಿ ಕಾಲು ಸೋಲುತ್ತದೆ. ಕ್ಯಾಲಿಪರಿಗೆ ಎಣ್ಣೆಯೂ ಹೆಚ್ಚು ಬೇಕಾದ್ದರಿಂದ ಹಳೆಯ ಮಾಸ್ಟರ್ ಸಿಲಿಂಡರ್ ಸಾಲದೆ ಪೆಡಲು ಕೆಳಕ್ಕಿಳಿಯುತ್ತದೆ. ಡ್ರಮ್ಮಿಗೆಂದು ಪೈಪಿನಲ್ಲಿ ಅಲ್ಪ ಒತ್ತಡ ಉಳಿಸುವ ವಾಲ್ವು ಹಾಗೆಯೇ ಇದ್ದರೆ ಪ್ಯಾಡುಗಳು ಸದಾ ಉಜ್ಜುತ್ತಿರುತ್ತವೆ. ಕ್ಯಾಲಿಪರ್ ಕೂರಿಸಲು ಆಕ್ಸಲ್ ಹೌಸಿಂಗಿಗೆ ಪಟ್ಟಿ ವೆಲ್ಡ್ ಮಾಡುವುದಂತೂ ಸಲ್ಲದು. ಗೇಟಿನ ವೆಲ್ಡಿಂಗ್ ಬಿಟ್ಟರೆ ಗೇಟು ಬೀಳುತ್ತದೆ, ಅಷ್ಟೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಸಾರಿಗೆ ಕಚೇರಿಯಲ್ಲಿ ಕೇಳಿ ಲಿಖಿತ ಒಪ್ಪಿಗೆ ಪಡೆಯದೆ ಕೆಲಸಕ್ಕೆ ಕೈಹಚ್ಚಕೂಡದು. ಅಪಘಾತವಾದ ಮೇಲೆ ವಿಮೆಯವರ ಪ್ರಶ್ನೆಗೆ ಗ್ಯಾರೇಜಿನ ಮೇಸ್ತ್ರಿ ಉತ್ತರ ಕೊಡಲು ಬರುವುದಿಲ್ಲ.

ಅದೇ ಹಣವನ್ನು ಹೀಗೆ ಖರ್ಚು ಮಾಡಿ. ನಾಲ್ಕೂ ಡ್ರಮ್ಮುಗಳನ್ನು ಬಿಚ್ಚಿಸಿ. ಗೀರು ಬಿದ್ದಿದ್ದರೆ ಮಿತಿಯೊಳಗೆ ಲೇತಿಗೆ ಕೊಡಿ, ಮಿತಿ ದಾಟಿದ್ದರೆ ಬದಲಿಸಿ. ವೀಲ್ ಸಿಲಿಂಡರಿನ ರಬ್ಬರು, ಹೋಸ್ ಪೈಪುಗಳನ್ನು ಹೊಸದಾಗಿಸಿ, ಶೂಗಳನ್ನು ಸರಿಯಾಗಿ ಬಿಗಿಸಿ. ಎಲ್ಲಕ್ಕಿಂತ ಮುಖ್ಯ ಬ್ರೇಕ್ ಎಣ್ಣೆ. ಇದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಎಣ್ಣೆಗೆ ಹೊಸದಿರುವಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಕುದಿಬಿಂದು ಇರಬೇಕು. ತೇವ ಹೀರಿದ ಎಣ್ಣೆಗೆ ಆ ಮಿತಿ 140 ಡಿಗ್ರಿ ಮಾತ್ರ. ಎಣ್ಣೆ ಕುದಿದರೆ ಡ್ರಮ್ಮಾದರೇನು, ಡಿಸ್ಕಾದರೇನು, ಪೆಡಲು ಬರಿದೇ ಕೆಳಗಿಳಿಯುತ್ತದೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ನಮ್ಮ ಸೀಮೆಯಲ್ಲಿ ಎರಡು ವರ್ಷಕ್ಕೊಮ್ಮೆಯಾದರೂ ಹಳೆಯದನ್ನು ಪೂರ್ತಿ ಚೆಲ್ಲಿ ಹೊಸದನ್ನು ತುಂಬಿಸಿ ಏರ್ ತೆಗೆಸತಕ್ಕದ್ದು. ಇಷ್ಟರಿಂದಲೇ ಗಾಡಿ ಎಷ್ಟು ಸುಧಾರಿಸುತ್ತದೆಂಬುದನ್ನು ನೋಡಿದವರಿಗೇ ಗೊತ್ತು.

ತೋಡು ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತುತ್ತ ಸ್ವಲ್ಪ ದೂರ ಸಾಗಿ ಡ್ರಮ್ ಒಣಗಿಸಿಕೊಳ್ಳಿ. ಏರಿದ ಗೇರಿನಲ್ಲೇ ಇಳಿಯಿರಿ. ಇಷ್ಟಾದ ಮೇಲೂ ಡಿಸ್ಕ್ ಬೇಕೆನಿಸಿದರೆ, ಒಪ್ಪಿಗೆ ಪಡೆದು, ಅದೇ ತೂಕದ ಗಾಡಿಗೆಂದು ತಯಾರಾದ ಪೂರ್ತಿ ಜೋಡಣೆಯನ್ನು ಬೂಸ್ಟರ್, ಮಾಸ್ಟರ್ ಸಿಲಿಂಡರ್ ಸಮೇತ ಮುಂದಿನ ಗಾಲಿಗಳಿಗೆ ಹಾಕಿಸಿ. ಹಿಂದಿನ ಡ್ರಮ್ಮುಗಳು ಅಲ್ಲಿಯೇ ಇರಲಿ.